ಗಂಗಜ್ಜಿಯ ಗುಡಿಸಲು

ಪ್ರತಿ ವರ್ಷ ಯುಗಾದಿ ಕಳೆದ ವಾರಕ್ಕೆ ಸರಿಯಾಗಿ ನಮ್ಮ ಗಂಗಜ್ಜಿ ತೋಟದ ಮೂಲೆಯ ಗುಡಿಸಲಿಗೆ ಹೊಸ ತೆಂಗಿನ ಗರಿ ಹೊದಿಸುತ್ತಿದ್ದಳು. ಅದರಲ್ಲಿ ಯಾರೂ ವಾಸವಿರಲಿಲ್ಲ. ಒಳಗೆ ಒಲೆ, ಗಡಿಗೆ, ಒಣಸೌದೆ, ಒಂದು ಮೂಟೆ ರಾಗಿ. ಸುಗ್ಗಿಯಾದ ಮೇಲೆ ಹೊಸ ರಾಗಿ ಅಲ್ಲಿಗೆ, ಹಳೆಯದು ಮನೆಗೆ. ಅಟ್ಟದ ಮೇಲೆ ಕೊಬ್ಬರಿಗೆ ಜಾಗ ಸಾಲದೆ ನಾವು ಒದ್ದಾಡುವಾಗಲೂ ಒಂದು ಕಾಯನ್ನೂ ಅಲ್ಲಿಡಲು ಬಿಡುತ್ತಿರಲಿಲ್ಲ. ಗಂಗಜ್ಜಿ ಅಪ್ಪನ ಸೋದರತ್ತೆ. ಹಟ ಹಿಡಿದರೆ ಮುಗಿಯಿತು.

"ಯಾವ ನೆಂಟ್ರು ಬತ್ತಾರಜ್ಜಿ?" ಎಂದು ನನ್ನ ಅಣ್ಣ ಶಿವಣ್ಣ ಛೇಡಿಸುತ್ತಿದ್ದ.

"ಕೆರೆ ಒಡ್ದಂಗೆ ಕಣ್ಲಾ ರೋಗ. ನೀರು ನುಗ್ಗಿದ್ಮೇಲೆ ಗಂಟು ಕಟ್ತೀಯಾ?"

ಅವಳು ಹುಡುಗಿಯಾಗಿದ್ದಾಗ ಪ್ಲೇಗು ಬಂದು, ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ತೋಟ ಸೇರಿತ್ತಂತೆ. ಇವರ ಗುಡಿಸಲು ಎದ್ದು ನಿಲ್ಲುವುದರೊಳಗೆ ಅವಳ ಅವ್ವ ತೀರಿಕೊಂಡಿದ್ದಳು. ಇದನ್ನು ಹೇಳುವಾಗಲೂ ಅವಳ ಕೈ ಗರಿ ಹೆಣೆಯುವುದನ್ನು ಬಿಡುತ್ತಿರಲಿಲ್ಲ.

ಕೊರೊನಾದ ಎರಡನೇ ಅಲೆಯಲ್ಲಿ ಆ ಶಿವಣ್ಣನಿಗೇ ರೋಗ ಬಂತು. ಊರಿನ ನಾಲ್ಕು ಜನ ಬೀದಿಯಲ್ಲೇ ನಿಂತು, "ಹೆಂಗೂ ಗುಡ್ಲು ಐತಲ್ಲಜ್ಜಿ, ಅವನ್ನ ಅಲ್ಲಿಗೆ ಹಾಕ್ಬುಡಿ" ಎಂದರು. ಅಜ್ಜಿ ಕೆಂಡಾಮಂಡಲವಾದಳು.

"ಕಾಯ್ಲೆ ಬಂದೋರ್ನ ಎಸೆಯಕ್ಕೆ ಕಟ್ಟಿದ್ದಲ್ಲ ಕಣ್ರಪ್ಪ ಅದು! ನೆಟ್ಟಗಿರೋರು ಹೋಗಕ್ಕೆ. ಮಲಗಿರೋನಿಗೆ ಮನೆ ಬೇಕು."

ನನ್ನನ್ನೂ ಅತ್ತಿಗೆಯನ್ನೂ ಮಕ್ಕಳನ್ನೂ ಗುಡಿಸಲಿಗೆ ಅಟ್ಟಿದಳು. ನೀನೂ ಬಾ ಎಂದು ಎಷ್ಟು ಗೋಗರೆದರೂ ಬರಲಿಲ್ಲ. "ಇವನಿಗೆ ಗಂಜಿ ಕೊಡೋರ್ಯಾರು? ಇವನು ಎದ್ಮೇಲೆ ಬತ್ತೀನಿ ಬುಡು."

ದಿನಾ ಹಾಲು, ಮಾತ್ರೆ ಜಗುಲಿಯ ಮೇಲಿಟ್ಟು ದೂರ ನಿಲ್ಲುತ್ತಿದ್ದೆ. ಒಂದು ಸಂಜೆ ಜೋರು ಮಳೆ ಬಂದು ನಿಂತಿತ್ತು. ಅಜ್ಜಿ ಕಿಟಕಿಯ ಸರಳು ಹಿಡಿದು, ಕೆಮ್ಮುತ್ತಲೇ ಕೇಳಿದಳು. "ಗುಡ್ಲು ಸೋರ್ತೈತೇನ್ಲಾ?"

"ಒಂದು ಹನಿನೂ ಇಲ್ಲ ಕಣಜ್ಜಿ."

"ಹಂಗಾರೆ ಹೋಗು. ಮಕ್ಳು ಕಾಯ್ತಿರ್ತವೆ."

ಶಿವಣ್ಣ ಎದ್ದು ಕೂತ. ಅಷ್ಟರಲ್ಲಿ ಅಜ್ಜಿ ಮಲಗಿದ್ದಳು. ಆಂಬುಲೆನ್ಸಿನಲ್ಲಿ ಹೋದವಳು ಮತ್ತೆ ಬರಲಿಲ್ಲ. ಮುಖ ನೋಡಲೂ ಸಿಗಲಿಲ್ಲ. ಅಷ್ಟು ವರ್ಷ ತಾನೇ ಹೊದಿಸಿದ ಸೂರಿನಡಿ ಅವಳು ಒಂದು ದಿನವೂ ಮಲಗಲಿಲ್ಲ.

ಆ ಗುಡಿಸಲಿನಲ್ಲೀಗ ಶಿವಣ್ಣ ತೆಂಗಿನ ಮಟ್ಟೆ ತುಂಬಿಸಿದ್ದಾನೆ. ಈ ಯುಗಾದಿಗಾದರೂ ಗರಿ ಹೊದಿಸೋಣವೆಂದರೆ, "ರೋಗ ಇನ್ನೆಲ್ಲಿ ಬತ್ತೈತೆ ಬುಡ್ಲಾ" ಎನ್ನುತ್ತಾನೆ. ಮೊನ್ನೆ ಮಳೆಯಲ್ಲಿ ಹೋಗಿ ಅದರೊಳಗೆ ನಿಂತುಕೊಂಡೆ.

ಸೋರ್ತೈತೆ ಕಣಜ್ಜಿ.