ಮೆಲ್ವತ್ತೆಯ ಒಪ್ಪಂದದ ಬಟ್ಟೆ

ನನ್ನ ಅಪ್ಪನ ಅಕ್ಕ ಮೆಲ್ವಾ ಹಟಕ್ಕೆ ಬಿದ್ದರೆ ಟೊನವಾಂಡ ಊರಿನ ನಮ್ಮ ಸೆನೆಕಾ ಬುಡಕಟ್ಟಿನ ಮುಖಂಡರೂ ದಾರಿ ಬಿಡುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ಜೀವಮಾನವಿಡೀ ದುಡಿದವಳು, ತಾಯಿ ಬಿಟ್ಟುಹೋದ ನನ್ನನ್ನು ಸಾಕಿದವಳು. ಅವಳ ಸೊಂಟದ ಕೀಲು ಸವೆದಿತ್ತು. ತಿಂಗಳುಗಟ್ಟಲೆ ಕಾದ ಮೇಲೆ ಆಪರೇಷನ್ನಿಗೆ ದಿನ ಸಿಕ್ಕಿತು. ಅದೇ ದಿನ ಬಟ್ಟೆ ಹಂಚುವುದಿತ್ತು.

ಇನ್ನೂರು ವರ್ಷಗಳ ಹಿಂದೆ ಅಮೆರಿಕ ಸರಕಾರ ಇಲ್ಲಿನ ಮೂಲನಿವಾಸಿಗಳಾದ ನಮ್ಮವರ ಜೊತೆ ಒಪ್ಪಂದ ಮಾಡಿಕೊಂಡಿತ್ತು: ಈ ನೆಲ ನಿಮ್ಮದು, ನಾವು ತಂಟೆಗೆ ಬರುವುದಿಲ್ಲ, ವರ್ಷಾವರ್ಷ ಬಟ್ಟೆ ಕೊಡುತ್ತೇವೆ. ತಂಟೆಗೆ ಬಂದದ್ದನ್ನು ಹೇಳಹೊರಟರೆ ಈ ಪುಟ ಸಾಲದು. ಬಟ್ಟೆ ಮಾತ್ರ ಇನ್ನೂ ಬರುತ್ತದೆ. ಹಿಂದೆಲ್ಲ ಲಂಗ ಹೊಲಿಯುವಷ್ಟು ಸಿಗುತ್ತಿತ್ತಂತೆ. ಈಗ ತಲೆಗೊಂದು ತುಂಡು ಮಸ್ಲಿನ್, ಮೆಕ್ಕೆಜೋಳದ ಸಾರು ಸೋಸುವುದಕ್ಕೇ ಸರಿ.

"ಆ ಚಿಂದಿಗೋಸ್ಕರ ಆಪರೇಷನ್ ಬಿಡ್ತೀಯಾ? ನಿನ್ನ ಪಾಲು ನಾನು ಇಸ್ಕೊಂಡು ಬರ್ತೀನಿ" ಎಂದೆ.

"ನಿಂಗ್ಯಾರು ಕೊಡ್ತಾರೋ? ನಿಮ್ಮಮ್ಮ ಬಫಲೋ ಪೇಟೆಯವ್ಳು, ನಮ್ಮೋಳಲ್ಲ."

ನಮ್ಮಲ್ಲಿ ಕುಲ ಬರುವುದು ತಾಯಿಯಿಂದ. ಗೊತ್ತಿದ್ದದ್ದೇ, ಆದರೂ ಸಾಕಿದವಳ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ಊರುಗೋಲು ಹಿಡಿದು, ಹಲ್ಲು ಕಚ್ಚಿಕೊಂಡು ಅತ್ತೆ ಸರದಿಯಲ್ಲಿ ನಿಂತಳು. ಹಂಚಲು ಬಂದ ಸರಕಾರದ ಅಧಿಕಾರಿ ಕೆಟ್ಟವನೇನಲ್ಲ.

"ಅಮ್ಮಾ, ಯಾಕಿಷ್ಟು ಕಷ್ಟ? ಇದರ ಬದಲು ದುಡ್ಡು ಕಳಿಸಿಬಿಟ್ರೆ ವಾಸಿ ಅಲ್ವಾ?" ಎಂದ.

"ದುಡ್ಡು ತಗೊಂಡ್ರೆ ಎಲ್ಲಾ ಚುಕ್ತಾ ಆಯ್ತು ಅಂತೀರಿ. ಬಟ್ಟೆ ಆದ್ರೆ ನೀವೇ ಇಲ್ಲಿಗೆ ಬರ್ಬೇಕು. ನಾವಿನ್ನೂ ಇದೀವಿ ಅನ್ನೋದನ್ನ ಕಣ್ಣಾರೆ ನೋಡ್ಬೇಕು."

ಅವನು ಅವಳ ಪಾಲಿನ ಬಟ್ಟೆ ಕತ್ತರಿಸಿ ಕೊಟ್ಟ.

ಆಪರೇಷನ್ ಮುಂದಿನ ವಸಂತಕ್ಕೆ ಹೋಯಿತು. ಅಷ್ಟರಲ್ಲಿ ಹಿಮದ ಮೇಲೆ ಜಾರಿಬಿದ್ದು ಅದೇ ಸೊಂಟ ಮುರಿದುಕೊಂಡಳು. ಆಮೇಲೆ ಎದ್ದು ಓಡಾಡಲೇ ಇಲ್ಲ. ನನಗೆ ಆ ಬಟ್ಟೆಯ ಮೇಲೆ, ಅವಳ ಮೇಲೆ, ವಾಷಿಂಗ್ಟನ್ನಿನ ಮೇಲೆ ಒಟ್ಟಿಗೇ ಸಿಟ್ಟು. ಅವಳ ಬೆನ್ನಿಗೆ ಎಣ್ಣೆ ತಿಕ್ಕುವಾಗಲೂ ಗೊಣಗುತ್ತಿದ್ದೆ, ಅವಳು ನಿದ್ದೆ ಬಂದವಳಂತೆ ಇರುತ್ತಿದ್ದಳು.

ಮರುವರ್ಷ ಬಟ್ಟೆಯ ದಿನ ಮಲಗಿದಲ್ಲಿಂದಲೇ, "ಹೋಗಿ ನೋಡ್ಕೊಂಡು ಬಾ" ಎಂದಳು. ಒಲ್ಲದ ಮನಸ್ಸಿನಿಂದ ಹೋಗಿ ಸರದಿಯಲ್ಲಿ ನಿಂತೆ. ಅದೇ ಅಧಿಕಾರಿ ಕತ್ತರಿ ಹಿಡಿದು, ಯಾವ ಕುಲ ಎಂದು ಕೇಳಿದ.

"ಯಾವ್ದೂ ಇಲ್ಲ. ನೀವು ಬಂದ್ರಾ ಅಂತ ನೋಡೋಕೆ ನಮ್ಮತ್ತೆ ಕಳ್ಸಿದ್ಲು" ಎಂದೆ.

ಹಿಂದೆ ನಿಂತವರು ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ.

ಮನೆಗೆ ಬಂದಾಗ ಅತ್ತೆ ನನ್ನ ಬರಿಗೈಯನ್ನು ನೋಡಲೂ ಇಲ್ಲ.

"ಬಂದಿದ್ರಾ?"

"ಬಂದಿದ್ರು ಅತ್ತೆ."

"ಸರಿ. ಇನ್ಮೇಲೆ ವರ್ಷಾವರ್ಷ ನೀನೇ ಹೋಗು" ಎಂದಳು.