ಬಚ್ಚಲ ಒಲೆಯ ಮುಂದೆ ಮೂರು ಜೊತೆ ಎಕ್ಕಡ

ನಮ್ಮ ಯಜಮಾನರಿಗೆ ಎಲೆ ಅಡಿಕೆ ಇಲ್ಲ, ನಶ್ಯ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಒಂದೇ ಚಟ, ಬೆಟ್ಟ ಹತ್ತುವುದು. ಕೋಲಾರದ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಭಾನುವಾರ ಬಂತೆಂದರೆ ಬೆಳಕು ಹರಿಯುವ ಹೊತ್ತಿಗೆ ಹೆಗಲಿಗೆ ಚೀಲ ಏರಿಸಿ ಹೊರಟುಬಿಡುತ್ತಿದ್ದರು. ಒಂದು ವಾರ ಅಂತರಗಂಗೆ ಬೆಟ್ಟ, ಇನ್ನೊಂದು ವಾರ ಬಸ್ಸು ಹಿಡಿದು ಮುಳಬಾಗಿಲ ಕಡೆ ಆವಣಿ ಬೆಟ್ಟ. ಮೇಲೆ ಕೂತು ಬಂಡೆಗಳ ಚಿತ್ರ ಬರೆಯುವುದು, ಸಂಜೆ ಬಂದು ಕಾಲು ನೋವು ಎನ್ನುವುದು. ಬಂಡೆ ನೋಡೋಕೆ ಅಲ್ಲಿಗ್ಯಾಕೆ ಹೋಗ್ಬೇಕು, ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿಲ್ವಾ ಎಂದು ನಮ್ಮ ಅತ್ತೆ ಕೇಳುತ್ತಿದ್ದರು.

ನಾನು ಯಲ್ದೂರಿನ ಕಡೆಯವಳು. ಅಪ್ಪನಿಗೆ ಮಾವಿನ ತೋಪಿತ್ತು. ಮರ ಹತ್ತಿ ಬೆಳೆದವಳನ್ನು ತಂದು ಕೋಲಾರದ ಒಂದು ಓಣಿಯ ಮನೆಯಲ್ಲಿ ಕೂರಿಸಿದ್ದರು. ಆ ಮನೆಯ ಹಿತ್ತಲ ಬಾಗಿಲು ತೆಗೆದರೆ ಎದುರಿಗೆ ಅಂತರಗಂಗೆ ಬೆಟ್ಟ. ಎರಡು ವರ್ಷ ಅದನ್ನು ನೋಡುತ್ತಲೇ ಪಾತ್ರೆ ಬೆಳಗಿದೆ. ಕಾರ್ತಿಕ ಸೋಮವಾರ ಅತ್ತೆಯ ಜೊತೆ ಮೆಟ್ಟಿಲು ಹತ್ತಿ, ಕಲ್ಲು ಬಸವನ ಬಾಯಿಂದ ಬರುವ ನೀರು ಹಿಡಿದುಕೊಂಡು ವಾಪಸು ಬರುತ್ತಿದ್ದೆವು. ಅಲ್ಲಿಂದ ಮೇಲಕ್ಕೆ ಹೆಂಗಸರು ಹೋಗುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ನನಗೆ ತುದಿಗೆ ಹೋಗಬೇಕಿತ್ತು. ಸೀರೆ ಬೇಡ, ಒಡವೆ ಬೇಡ, ಒಂದು ಸಲ ತುದಿಗೆ ಹೋಗಿ ನಿಲ್ಲಬೇಕಿತ್ತು.

ಒಂದು ದಿನ ಕೇಳಿಯೇಬಿಟ್ಟೆ.

“ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಣೇ,” ಎಂದರು.

“ದೂರ ಎಲ್ಲಿ ಬಂತ್ರೀ? ಬಾಗ್ಲು ತೆಗುದ್ರೆ ಮೂಗಿಗೆ ತಾಗುತ್ತೆ.”

ಮೇಷ್ಟ್ರಲ್ಲವೇ, ಬೆರಳು ಮಡಿಸಿ ಕಾರಣ ಹೇಳಲು ಶುರು ಮಾಡಿದರು. ಮಳೆ ಬಂದರೆ ಮೇಲೆ ಸೂರಿಲ್ಲ. ಕಲ್ಲುಮುಳ್ಳು, ನಿನ್ನ ಕಾಲಿಗೆ ಆಗುವುದಿಲ್ಲ. “ಎಲ್ಲಕ್ಕಿಂತ ಹೆಚ್ಚಾಗಿ, ನೀನು ನೆಂದ್ಕೊಂಡು ಬಂದ್ರೆ ಅಮ್ಮ ನನ್ನ ಮನೆಯೊಳಕ್ಕೆ ಬಿಡ್ತಾಳಾ?”

ಆ ಕೊನೆಯ ಮಾತು ನಿಜ. ನಮ್ಮ ಮಾವನವರು, ಇವರು ಇನ್ನೂ ಚಿಕ್ಕವರಿದ್ದಾಗ, ಮಾಲೂರಿನಿಂದ ಗಾಡಿಯಲ್ಲಿ ಬರುತ್ತಾ ದಾರಿಯುದ್ದಕ್ಕೂ ನೆಂದು, ಜ್ವರ ಹಿಡಿದು ಎಂಟು ದಿನಕ್ಕೆ ತೀರಿಕೊಂಡರಂತೆ. ಆಮೇಲೆ ಅತ್ತೆಗೆ ಮಳೆಯೆಂದರೆ ವೈರಿ. ಎರಡು ಹನಿ ಬಿದ್ದರೆ ಸಾಕು, “ಒಳಗ್ಬನ್ರೋ, ಒಳಗ್ಬನ್ರೇ” ಎಂದು ಬೀದಿಯ ಮಕ್ಕಳನ್ನೂ ಸೇರಿಸಿ ಕೂಗುವರು. ಹಿತ್ತಲಿನ ಬಟ್ಟೆ ನೆನೆದರೆ ನೆನೆಯಲಿ, ತರಲು ನನ್ನನ್ನು ಕಳಿಸುತ್ತಿರಲಿಲ್ಲ. ಅವರೂ ಹೋಗುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ ಯಜಮಾನರು ಬೆಂಗಳೂರಿನ ದಂಡಿನಿಂದ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಕ್ಯಾನ್‌ವಾಸ್ ಚೀಲ ತಂದರು. ಇಡೀ ಯುದ್ಧವನ್ನು ಅದೇ ಗೆದ್ದುಕೊಟ್ಟ ಹಾಗೆ ಅದರ ಗುಣಗಾನ. ಆ ಸಲದ ಮಳೆಗಾಲದಲ್ಲಿ ಒಂದು ಭಾನುವಾರ ಆವಣಿಯಿಂದ ತೊಪ್ಪೆಯಾಗಿ ಬಂದರು, ಅತ್ತೆ ಬೈಯುತ್ತಲೇ ತಲೆ ಒರೆಸಿದರು. ಚೀಲದಿಂದ ಡ್ರಾಯಿಂಗ್ ಪುಸ್ತಕ ತೆಗೆದರೆ ಎಲ್ಲ ಬಣ್ಣವೂ ಕಲಸಿ ಹುರುಳಿಕಾಳಿನ ಬಸ್ಸಾರಾಗಿತ್ತು. ಒಂದು ವರ್ಷದ ಚಿತ್ರಗಳು. ಅವರು ಒಂದೊಂದೇ ಪುಟ ಬಿಡಿಸುತ್ತಾ ಕೂತಿದ್ದರು. ನನಗೆ ಅಯ್ಯೋ ಅನ್ನಿಸಿತು. ಜೊತೆಗೆ ಒಂದು ಉಪಾಯವೂ ಹೊಳೆಯಿತು, ಸುಳ್ಳೇಕೆ ಹೇಳಲಿ. ನೀರು ಒಳಗೆ ಬಾರದ ಹಾಗೆ ನಾನು ಮಾಡಿಕೊಟ್ಟರೆ ಅವರು ಮಡಿಸಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿಸಬಹುದು.

ಅವರೇ ಯಾವುದೋ ಇಂಗ್ಲಿಷ್ ಪತ್ರಿಕೆ ಓದಿ, ಚೀಲಕ್ಕೆ ಅಗಸೆ ಎಣ್ಣೆ ಹಚ್ಚಬೇಕು ಎಂದರು. ನಮ್ಮೂರಲ್ಲಿ ಅಗಸೆ ಎಂದರೆ ಎಲೆತೋಟದಲ್ಲಿ ಬೆಳೆಯುವ ಮರ, ಅದರ ಸೊಪ್ಪನ್ನು ಸಾರು ಮಾಡುತ್ತೇವೆ. ಆ ಮರದಿಂದ ಎಣ್ಣೆ ತೆಗೆದದ್ದನ್ನು ನಾನು ಕಂಡಿರಲಿಲ್ಲ. ಇಂಗ್ಲಿಷಿನವರಿಗೇನು ಗೊತ್ತು, ಎಣ್ಣೆ ಎಣ್ಣೆಯೇ ತಾನೆ ಎಂದು ಮನೆಯಲ್ಲಿದ್ದ ಹರಳೆಣ್ಣೆಯನ್ನೇ ಧಾರಾಳವಾಗಿ ಬಳಿದು ಬಿಸಿಲಿಗಿಟ್ಟೆ. ಅಗಸೆ ಎನ್ನುವ ಬೀಜವೇ ಬೇರೆ ಇದೆ, ಅದರ ಎಣ್ಣೆ ಹಚ್ಚಿದರೆ ಒಣಗುತ್ತದೆ ಎಂದು ತಿಳಿದದ್ದು ಆಮೇಲೆ. ಹರಳೆಣ್ಣೆ ಹಚ್ಚಿದ್ದು ಯಾವ ಕಾಲಕ್ಕೂ ಒಣಗುವುದಿಲ್ಲ. ಚೀಲ ಬೀದಿಯ ಧೂಳನ್ನೆಲ್ಲ ಮೆತ್ತಿಕೊಂಡಿತು, ಅವರ ಅಂಗಿಗೆ ಅಂಟಿಕೊಂಡಿತು. ಸ್ಕೂಲಿನ ತನಕ ಎರಡು ನಾಯಿ ಹಿಂದೆ ಹೋದವಂತೆ. “ನಾಳೆಯಿಂದ ತಲೆಗೂ ಹಚ್ಚಿ ಕಳ್ಸು,” ಎಂದರು. ಸೀಗೆಪುಡಿ ಹಾಕಿ ಮೂರು ಸಲ ಉಜ್ಜಿ ಒಗೆದೆ.

ನಿಜವಾದ ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ದಿಂಬಿನ ಗವಸಿನ ಮೇಲೆ ಮೇಣದಬತ್ತಿ ತೊಟ್ಟಿಕ್ಕಿತ್ತು. ಮೇಲೆ ಕಾಗದವಿಟ್ಟು ಇಸ್ತ್ರಿ ಮಾಡಿದರೆ ಮೇಣ ಕಾಗದಕ್ಕೆ ಹತ್ತಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರು, ಹಾಗೆ ಮಾಡಿದೆ. ಕಲೆ ಕಾಣದಾಯಿತು. ಆದರೆ ಒಗೆಯಲು ನೀರು ಹಾಕಿದಾಗ ಗವಸೆಲ್ಲ ನೆನೆದರೂ ಆ ಜಾಗ ಮಾತ್ರ ನೆನೆಯಲಿಲ್ಲ. ಬೋರ್ಗಲ್ಲ ಮೇಲೆ ಸುರಿದ ಹಾಗೆ ನೀರು ಜಾರಿ ಹೋಯಿತು. ಗವಸನ್ನು ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟೆ. ಏನೇ ಅದು, ದೆವ್ವ ಬಡೀತಾ ಎಂದರು ಅತ್ತೆ. ನಾನು ತೋರಿಸಿದೆ. ಅವರು ತಾವೇ ಇನ್ನೊಂದು ಚೆಂಬು ನೀರು ಹೊಯ್ದು ನೋಡಿದರು.

ಮೇಣದಬತ್ತಿಯ ಮೇಣ ಮಡಿಸಿದರೆ ಬಿರುಕು ಬಿಡುತ್ತದೆ. ಜೇನುಮೇಣ ಬೇಕು. ಸಂತೆಗೆ ಜೇನು ತರುವ ಹೆಂಗಸು ಬರೀ ತೆಲುಗಿನವಳು. ನನ್ನ ತೆಲುಗು ಅಷ್ಟಕ್ಕಷ್ಟೆ. ಅತ್ತೆ ತಾವಾಗಿಯೇ ಮುಂದೆ ಬಂದು “ಮೈನಂ ಉಂದಾ?” ಎಂದು ಮೇಣ ವಿಚಾರಿಸಿ, ಚೌಕಾಸಿ ಮಾಡಿ, ತೆಂಗಿನಕಾಯಿ ಗಾತ್ರದ ಉಂಡೆ ಕೊಡಿಸಿದರು. ಇಷ್ಟು ಯಾಕೆ ಎಂದು ನನ್ನನ್ನು ಕೇಳಲಿಲ್ಲ. ಕೇಳದೆ ಇರುವುದು ಅವರ ಸ್ವಭಾವವೇ ಅಲ್ಲ, ಆದರೆ ನನಗೆ ಆಗ ಅದು ಹೊಳೆಯಲಿಲ್ಲ.

ಇಸ್ತ್ರಿ ಪೆಟ್ಟಿಗೆ ನನ್ನದು, ಮದುವೆಯಲ್ಲಿ ಅಪ್ಪ ಕೊಟ್ಟದ್ದು. ಹಿತ್ತಾಳೆಯದು, ಮುಚ್ಚಳದ ಚಿಲಕದ ಮೇಲೆ ಒಂದು ಪುಟ್ಟ ಹುಂಜ ಕೂತಿತ್ತು. ಅದಕ್ಕೆ ಅರ್ಧ ಮಾತ್ರ ಕೆಂಡ ತುಂಬಬೇಕು. ಹೆಚ್ಚು ಕಾದರೆ ಮೇಣ ಹೊಗೆಯಾಡಿ ಬಟ್ಟೆ ಕಂದುತ್ತದೆ, ಕಮ್ಮಿಯಾದರೆ ಮೇಲೆಯೇ ಬಿಳಿಯಾಗಿ ನಿಂತುಬಿಡುತ್ತದೆ. ಮೊದಲು ಉಂಡೆಯನ್ನು ಬಟ್ಟೆಗೆ ಗಟ್ಟಿಯಾಗಿ ಉಜ್ಜಿ, ಮೇಲೆ ಹಳೆಯ ಪೇಪರು ಹಾಸಿ, ನಿಧಾನಕ್ಕೆ ಎಳೆಯುತ್ತಾ ಬಂದರೆ ಮೇಣ ಕರಗಿ ನೂಲಿನೊಳಕ್ಕೆ ಇಳಿಯುತ್ತದೆ. ಮನೆಯೆಲ್ಲ ಜೇನಿನ ವಾಸನೆ. ಚೀಲಕ್ಕೆ ಒಂದು ಭಾನುವಾರ ಹಿಡಿಯಿತು. ಆಮೇಲೆ ನನ್ನ ಎರಡು ದಪ್ಪ ದುಪ್ಪಟಿಗಳನ್ನು ಜೋಡಿಸಿ ಹೊಲಿದು ಅದಕ್ಕೂ ಹಚ್ಚಿದೆ, ನಾಲ್ಕು ಜನ ಕೂರುವಷ್ಟು ಅಗಲ. ಅದಕ್ಕೆ ಇನ್ನೆರಡು ಭಾನುವಾರ. ಬಟ್ಟೆಗೆ ರೇಷನ್ನಿದ್ದ ಕಾಲದಲ್ಲಿ ಹೊದೆಯುವ ದುಪ್ಪಟಿಗೆ ಮೇಣ ಬಳಿದವಳು ಇಡೀ ಕೋಲಾರದಲ್ಲಿ ನಾನೊಬ್ಬಳೇ ಇರಬೇಕು.

ನಡುವೆ ಒಂದು ಎಡವಟ್ಟಾಯಿತು. ಪೆಟ್ಟಿಗೆಯ ತಳ ಒರೆಸಿಡುವುದನ್ನು ಮರೆತು ಮಾರನೆಯ ದಿನ ಅವರ ಪಂಚೆಗೆ ಇಸ್ತ್ರಿ ಎಳೆದೆ. ಅವತ್ತೇ ಸ್ಕೂಲಿಗೆ ಇನ್‌ಸ್ಪೆಕ್ಟರು ಬರುವುದಿತ್ತು. ತೊಡೆಯ ಮೇಲೆ ಅಡ್ಡಡ್ಡ ಹಳದಿ ಪಟ್ಟೆ ಹೊತ್ತುಕೊಂಡು ಹೋದರು. ಸಂಜೆ ರೇಗುತ್ತಾ ಬರುತ್ತಾರೆ ಎಂದು ನಾನು ಅಡುಗೆಮನೆ ಸೇರಿದ್ದರೆ, ಅವರು ನಗುತ್ತಾ ಬಂದರು. ಇನ್‌ಸ್ಪೆಕ್ಟರ ಕೈತಪ್ಪಿ ಕಾಫಿ ಇವರ ಮೇಲೆ ಚೆಲ್ಲಿತಂತೆ, ಪಟ್ಟೆಯ ಮೇಲೆ ಬಿದ್ದದ್ದು ಕಲೆಯಿಲ್ಲದೆ ಉರುಳಿ ಹೋಯಿತಂತೆ. ಪೆಟ್ಟಿಗೆಯನ್ನು ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಬಾಳೆ ಎಲೆಯ ಮೇಲೆ ಎಳೆದು ನುಣುಪು ಮಾಡಿಕೊಂಡೆ. ಮೂಲೆಯಲ್ಲಿ ಸ್ವಲ್ಪ ಮೇಣ ಉಳಿದೇ ಉಳಿಯಿತು.

ಇನ್ನುಳಿದದ್ದು ಕಾಲು. ನಮ್ಮ ಕಡೆ ಚಪ್ಪಲಿಗೆ ಎಕ್ಕಡ ಎನ್ನುತ್ತೇವೆ. ತೋಪಿನಲ್ಲಿ ಓಡಾಡಲು ಅಪ್ಪ ಹೊಲಿಸಿಕೊಟ್ಟ ಒಂದು ಜೊತೆ ನನ್ನ ಹತ್ತಿರ ಇತ್ತು. ಮೇಷ್ಟ್ರ ಹೆಂಡತಿ ಎಕ್ಕಡ ಮೆಟ್ಟಿ ಬೀದಿಯಲ್ಲಿ ಹೋದರೆ ಜನ ಮುಖ ನೋಡುತ್ತಿದ್ದರು, ಹಾಗಾಗಿ ಅವು ಅಟ್ಟ ಸೇರಿ ಒಣಗಿ ಸೊಟ್ಟಗಾಗಿದ್ದವು. ಮೇಣ ಮತ್ತು ಹರಳೆಣ್ಣೆ ಸೇರಿಸಿ ಕರಗಿಸಿ ಹಚ್ಚಿದರೆ ಚರ್ಮ ಮೆತ್ತಗಾಗುತ್ತದೆ ಎಂದು ಬಜಾರಿನಲ್ಲಿ ಎಕ್ಕಡ ಹೊಲಿಯುವವರು ಹೇಳಿದರು. ನೋಡಿ, ಮಾನ ಕಳೆದ ಹರಳೆಣ್ಣೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಅಡುಗೆ ಒಲೆಯ ಹತ್ತಿರ ಎಕ್ಕಡ ತಂದರೆ ಅತ್ತೆ ನನ್ನನ್ನು ತವರಿಗೆ ಕಳಿಸುತ್ತಿದ್ದರು. ಅದಕ್ಕೆ ಬಚ್ಚಲ ಒಲೆ. ಹಂಡೆಯ ಬಿಸಿನೀರಿನಲ್ಲಿ ಹಳೆಯ ಲೋಟ ಇಳಿಸಿ, ಅದರಲ್ಲಿ ಮೇಣ ಕರಗಿಸಿ, ಚಿಂದಿ ಬಟ್ಟೆಯಿಂದ ನನ್ನ ಜೊತೆಗೂ ಅವರ ಜೊತೆಗೂ ಹಚ್ಚಿ ಒಲೆಯ ಮುಂದೆ ಇಟ್ಟೆ.

ಮಾರನೆಯ ಬೆಳಿಗ್ಗೆ ನೋಡಿದರೆ ಅಲ್ಲಿ ಮೂರು ಜೊತೆ ಇದ್ದವು.

ಮೂರನೆಯದು ಹಳೆಯ ಕಾಲದ್ದು, ಹಿಮ್ಮಡಿ ಸವೆದಿತ್ತು, ಅಟ್ಟದ ಧೂಳು ಇನ್ನೂ ಹೋಗಿರಲಿಲ್ಲ. ಹೊಲಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಅತ್ತೆ ಮೆಟ್ಟುತ್ತಿದ್ದದ್ದು.

“ಅತ್ತೆ, ಇದ್ಯಾಕೆ ಇಲ್ಲಿ?”

ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. “ಹಚ್ಚೇ. ಮೇಣ ಮಿಕ್ಕೈತಲ್ಲ.”

“ಬೆಟ್ಟಕ್ಕಾ?”

“ಮತ್ತೆ ಮದುವೆಗಾ? ನೀವಿಬ್ರೂ ಹೋಗಿ ನೆಂದ್ಕೊಂಡ್ಬಂದ್ರೆ ನೋಡೋರ್ಯಾರು? ನಾನೂ ಬರ್ತೀನಿ.”

ಯಜಮಾನರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಮಡಿಸಲು ಅವರ ಹತ್ತಿರ ಇನ್ನು ಬೆರಳಿರಲಿಲ್ಲ.

ಭಾನುವಾರ ಹೊರಟೆವು. ಓಣಿಯ ತುದಿಯಲ್ಲಿ ತೆಲುಗು ಮನೆಮಾತಿನ ಅಜ್ಜಿಯೊಬ್ಬರು ಜಗುಲಿಯ ಮೇಲೆ ಕೂತಿದ್ದರು. ಅವರ ಭಾಷೆಯಲ್ಲಿ ಎಕ್ಕಡ ಎಂದರೆ ಎಲ್ಲಿ ಎಂದರ್ಥ. “ಎಕ್ಕಡಿಕಮ್ಮಾ?” ಎಂದು ಅತ್ತೆಯನ್ನು ಕೇಳಿದರು. ತೆಲುಗು ಚೆನ್ನಾಗಿ ಬಲ್ಲ ನಮ್ಮ ಅತ್ತೆ ಸೀರೆಯ ಅಂಚನ್ನು ಅರ್ಧ ಗೇಣು ಎತ್ತಿ ಕಾಲು ಮುಂದೆ ಚಾಚಿ, “ಇಗೋ, ಎಕ್ಕಡ!” ಎಂದರು. ಅವರು ಬೀದಿಯಲ್ಲಿ ನಿಂತು ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಸವನ ನೀರು ಕುಡಿದು, ಮೆಟ್ಟಿಲು ಮುಗಿದ ಮೇಲೆ ಬಂಡೆಗಳ ಸಂದಿನಲ್ಲಿ ಹತ್ತಿದೆವು. ಎಲ್ಲರಿಗಿಂತ ಮುಂದೆ ಅತ್ತೆ. ಹೊಲದಲ್ಲಿ ದುಡಿದ ಕಾಲು ಅದು, ಮರೆತಿರಲಿಲ್ಲ. ತುದಿಗೆ ಹೋದಾಗ ನನಗೆ ಅಳು ಬಂತು. ಯಾಕೆಂದು ಕೇಳಿದರೆ ಹೇಳಲಾರೆ. ಎರಡು ವರ್ಷ ಕೆಳಗಿನಿಂದ ನೋಡಿದ ಜಾಗದ ಮೇಲೆ ನನ್ನ ಕಾಲಿತ್ತು, ಅಷ್ಟೆ.

ಅತ್ತೆ ಊರಿನ ಕಡೆ ನೋಡುತ್ತಿದ್ದರು. “ನಮ್ಮನೆ ಯಾವ್ದೋ?” ಎಂದು ಮಗನನ್ನು ಕೇಳಿದರು. ಇವರು ಕೆರೆ ತೋರಿಸಿ, ಅದರಿಂದ ಈಚೆಗೆ ಬೆರಳು ತಂದು, ಒಂದು ಹೆಂಚಿನ ಚೂರನ್ನು ತೋರಿಸಿದರು.

“ಇಷ್ಟೇನಾ?” ಎಂದರು ಅತ್ತೆ. ಕಣ್ಣಿಗೆ ಕೈ ಅಡ್ಡ ಹಿಡಿದು ಮತ್ತೊಮ್ಮೆ ನೋಡಿ, “ಇಷ್ಟರೊಳಗೇ ಓಡಾಡ್ಕೊಂಡಿದ್ನಾ ನಾನು?”

ಇವರು ಚೀಲದಿಂದ ಡ್ರಾಯಿಂಗ್ ಪುಸ್ತಕ ತೆಗೆದರು.

ಅಷ್ಟರಲ್ಲಿ ಮಳೆ ಬಂತು. ಹನಿಯಲ್ಲ, ಸುರಿದೇ ಬಂತು. ಯಜಮಾನರು ದುಪ್ಪಟಿ ಬಿಚ್ಚಿ ಎರಡು ಬಂಡೆಗಳ ನಡುವೆ ಎಳೆದು ಕಟ್ಟಿ, ಡ್ರಾಯಿಂಗ್ ಪುಸ್ತಕ ಅವಚಿಕೊಂಡು ಒಳಗೆ ಕೂತರು. ನಾನೂ ನುಗ್ಗಿದೆ. ಮೇಲೆ ನೀರು ಮುತ್ತು ಮುತ್ತಾಗಿ ಉರುಳಿ ಹೋಗುತ್ತಿತ್ತು. ಒಂದು ಹನಿ ಒಳಗೆ ಬರಲಿಲ್ಲ.

ಅತ್ತೆ ಬರಲಿಲ್ಲ. ನಿಂತಲ್ಲೇ ನಿಂತಿದ್ದರು.

“ಅಮ್ಮಾ, ಜ್ವರ ಬರುತ್ತೆ, ಬಾರಮ್ಮಾ,” ಎಂದು ಇವರು ಕೂಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಮೂರು ಭಾನುವಾರ ಕೆಂಡದ ಮುಂದೆ ಬೆಂದು ಅಷ್ಟು ಮೇಣ ಇಳಿಸಿದ್ದು ಯಾರಿಗಾಗಿ? ಎದ್ದು ಹೋಗಿ ಅವರ ಕೈ ಹಿಡಿದು ಎಳೆದೆ. ಅವರು ನನ್ನ ಕೈಯನ್ನು ಹಾಗೆಯೇ ಹಿಡಿದುಕೊಂಡರು, ಬಿಡಲಿಲ್ಲ. ಕೈ ತಣ್ಣಗಿತ್ತು. ಮುಖವೆಲ್ಲ ನೀರು.

“ಇದಕ್ಕೆ ಇಷ್ಟೊರ್ಷ ಹೆದರ್ಕೊಂಡಿದ್ನಲ್ಲೇ,” ಎಂದರು. “ಬರೀ ನೀರು ಕಣೇ ಇದು.”

ನಾನು ಎಳೆಯುವುದನ್ನು ಬಿಟ್ಟೆ. ಇಬ್ಬರೂ ಕೈ ಹಿಡಿದುಕೊಂಡು, ಮಳೆ ನಿಲ್ಲುವವರೆಗೆ ಊರಿನ ಕಡೆ ಮುಖ ಮಾಡಿ ನಿಂತೆವು.

ನಮಗಿಬ್ಬರಿಗೂ ಜ್ವರ ಬರಲಿಲ್ಲ. ದುಪ್ಪಟಿಯ ಕೆಳಗೆ ನೆನೆಯದೆ ಕೂತಿದ್ದ ಯಜಮಾನರಿಗೆ ಮಾತ್ರ ಮೂರು ದಿನ ನೆಗಡಿ. ಅತ್ತೆ ಮೆಣಸಿನ ಕಷಾಯ ಕೊಡುತ್ತಾ, “ಗಂಡಸ್ರಿಗೆ ಬೆಟ್ಟ ಆಗಲ್ಲ,” ಎಂದರು. ಆಮೇಲೆ ಅತ್ತೆಯ ಎಕ್ಕಡ ಅಟ್ಟಕ್ಕೆ ಹೋಗಲಿಲ್ಲ, ಬಾಗಿಲ ಹತ್ತಿರ ಉಳಿಯಿತು.

ಈಗ ಅತ್ತೆಯೂ ಇಲ್ಲ, ಅವರೂ ಇಲ್ಲ. ಇಸ್ತ್ರಿ ಪೆಟ್ಟಿಗೆ ಇದೆ. ಬಿಸಿಲಿಗಿಟ್ಟರೆ ಇವತ್ತಿಗೂ ಮೂಲೆಯಿಂದ ಒಂಚೂರು ಜೇನಿನ ವಾಸನೆ ಬರುತ್ತದೆ. ಮತ್ತೆ ಆ ದಿನದ ಚಿತ್ರ ಇದೆ. ಜೀವನವಿಡೀ ಬಂಡೆ ಬಿಟ್ಟು ಬೇರೆ ಬರೆಯದವರು ಅವತ್ತು ದುಪ್ಪಟಿಯ ಕೆಳಗೆ ಕೂತು ಪೆನ್ಸಿಲಿನಲ್ಲಿ ಬರೆದದ್ದು. ಬೆನ್ನು ತಿರುಗಿಸಿ ನಿಂತ ಇಬ್ಬರು ಹೆಂಗಸರು, ಸೀರೆ ಮೈಗಂಟಿದೆ, ಕೈ ಕೈ ಹಿಡಿದಿದ್ದಾರೆ. ಇದೇನ್ರೀ, ನಮ್ಮನ್ನ ಬರೆದಿದ್ದೀರಾ ಎಂದು ಅವತ್ತು ಕೇಳಿದ್ದೆ. “ಎರಡು ಬಂಡೆ ನಿಂತಿದ್ವು, ಬರೆದೆ,” ಎಂದಿದ್ದರು.

ಆ ಕಾಗದದ ಮೇಲೆ ಒಂದು ಹನಿ ನೀರೂ ಬಿದ್ದಿಲ್ಲ.