ನೆಲುವಿನ ಮೇಲೊಂದು ಹಿಡಿ ಆತಗೂರು

ಮಂಡ್ಯದ ಗುತ್ತಲಿಗೆ ಬಂದ ಮೊದಲ ಬೆಳಿಗ್ಗೆ ಕಣ್ಣು ಬಿಟ್ಟಾಗ ನನ್ನ ಕಾಲಡಿಯಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದರು. ಸಾಸಿವೆ ಸಿಡಿದ ಸದ್ದು ನೆಲದೊಳಗಿಂದ ಬಂತು. ಚಾಪೆಯ ಪಕ್ಕ ಕೈಯಿಟ್ಟು ನೋಡಿದೆ. ಮಹಡಿ ಮನೆಯೆಂದರೆ ನಮ್ಮ ನೆಲ ಇನ್ನೊಬ್ಬರ ಸೂರು. ನಮ್ಮೂರು ಆತಗೂರಿನ ಮಣ್ಣುನೆಲದಲ್ಲಿ ಮಲಗೆದ್ದವಳಿಗೆ ಆವತ್ತು ಕಾಲೂರಲು ಅಂಜಿಕೆಯಾಯಿತು.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ರೂಢಿ. ನನ್ನ ಮಗಳು ಗೌರಿ ಮಂಡ್ಯದ ಆಸ್ಪತ್ರೆಯಲ್ಲಿ ನರ್ಸು, ಅಷ್ಟು ರಜೆ ಸಿಗಲಿಲ್ಲ. ಹಾಗಾಗಿ ತವರೇ ಗಂಟು ಕಟ್ಟಿಕೊಂಡು ಮಗಳ ಮನೆಗೆ ಬಂತು. ಮೊಮ್ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಊರಿನವರೇ, ಮೂರನೇ ಕ್ಲಾಸು ಓದಿದ ಈ ಕೈಯಲ್ಲಿ ಆ ಸಂತೋಷ ಬರೆಯಲಾಗದು. ಬೀದಿಯಲ್ಲಿ ಹೋಗುವ ಕಬ್ಬಿನ ಗಾಡಿಯವರಿಗೂ ಮಹಡಿಯಿಂದ ಕೂಗಿ ಹೇಳಿದೆ. ಆದರೆ ಮಗು ಹಾಲು ಸರಿಯಾಗಿ ಎಳೆಯುತ್ತಿರಲಿಲ್ಲ. ನಗುನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಒಂಬತ್ತನೇ ದಿನ ಹೊಕ್ಕುಳಬಳ್ಳಿ ಉದುರಿತು. ನಮ್ಮ ಮನೆಯಲ್ಲಿ ಅದನ್ನು ಹಿತ್ತಿಲಲ್ಲಿ ಹೂತು ಮೇಲೊಂದು ಗಿಡ ನೆಡುತ್ತೇವೆ. ಗಿಡ ಹಿಡಿದರೆ ಮಗುವೂ ಹಿಡಿಯಿತು ಎಂದು ನಮ್ಮತ್ತೆ ಹೇಳುತ್ತಿದ್ದರು. ಊರಿಗೆ ಒಯ್ಯುತ್ತೇನೆ ಎಂದೆ.

"ಅಲ್ಲಿಗ್ಯಾಕವ್ವ? ನನ್ ಮಗಳು ಬೆಳೆಯೋದು ಇಲ್ಲಿ ಕಣವ್ವ," ಎಂದಳು ಗೌರಿ.

"ಇಲ್ಲಿ ಎಲ್ಲವ್ವ ಮಣ್ಣು? ಉಗುದ್ರೆ ಸಿಮೆಂಟ್ ಮ್ಯಾಲೆ ಬೀಳ್ತದೆ."

ಕೆಳಗಿನ ಮನೆಯ ಒಡತಿ ಟೀಚರಮ್ಮ ಅಂಗಳ ಅಗೆಯಲು ಒಪ್ಪಲಿಲ್ಲ. ಅವರ ಜಗುಲಿಯಲ್ಲಿ ತಂತಿಯ ಬುಟ್ಟಿಗಳು ಹೂಗಿಡ ತುಂಬಿಕೊಂಡು ತೂಗುತ್ತಿದ್ದವು. "ನೆಲ ಇಲ್ಲದಿದ್ರೆ ನೇತುಹಾಕಿ, ನಿಂಗಮ್ಮ," ಎಂದರು.

ನಾವು ಊರಲ್ಲಿ ನೇತುಹಾಕುವುದು ಬೆಕ್ಕಿಗೆ ಸಿಗದಂತೆ ಬೆಣ್ಣೆ ಗಡಿಗೆಯನ್ನು, ಹಗ್ಗ ಹೆಣೆದ ನೆಲುವಿನಲ್ಲಿ. ಮಣ್ಣನ್ನು ಯಾರಾದರೂ ನೇತುಹಾಕುತ್ತಾರೆಯೇ? ಆದರೂ ನನ್ನ ತಮ್ಮ ಸಿದ್ದನಿಗೆ ಹೇಳಿಕಳಿಸಿದೆ. ಅವನು ನೆಲುವನ್ನೂ ಒಂದು ಚೀಲ ಗದ್ದೆಮಣ್ಣನ್ನೂ ಬಸ್ಸಿನಲ್ಲಿ ಹೊತ್ತು ತಂದ. "ಕಂಡಕ್ಟ್ರು ಬೆಲ್ಲವಾ ಅಂದ ಕಣಕ್ಕ. ಊ ಕಣಣ್ಣ, ನೆಕ್ಕು ಅಂದೆ."

ಬಿದಿರು ಬುಟ್ಟಿಗೆ ಆ ಮಣ್ಣು ಸುರಿದು, ನೀರು ಹೊಯ್ದು, ನಾಟಿ ಗದ್ದೆಯಂತೆ ಕೆಸರು ಮಾಡಿದೆ. ಹೊಕ್ಕುಳಬಳ್ಳಿಯನ್ನು ಬಟ್ಟೆಯಲ್ಲಿ ಸುತ್ತಿ ನಡುವೆ ಹೂತೆ. ಮಗುವಿನ ಕೆಮ್ಮಿಗೂ ಆಯಿತೆಂದು ದೊಡ್ಡಪತ್ರೆಯ ಕಡ್ಡಿಗಳನ್ನು ಭತ್ತದ ಪೈರಿನಂತೆ ಮೂರು ಮೂರು ಹಿಡಿದು ಒತ್ತಿದೆ. ಬುಟ್ಟಿಯನ್ನು ನೆಲುವಿನಲ್ಲಿಟ್ಟು ತೂಗುಹಾಕಿ, ದಿನಕ್ಕೆರಡು ಸಲ ನೀರು ನಿಲ್ಲಿಸಿದೆ. ಹುಟ್ಟಿದಾಗಿನಿಂದ ನಾನು ಕಲಿತ ಬೇಸಾಯ ಅದೇ.

ವಾರದಲ್ಲಿ ಕಡ್ಡಿಗಳ ಬುಡ ಕಪ್ಪಾಯಿತು. ಎಲೆ ಮುಟ್ಟಿದರೆ ಕೈಗೇ ಬಂತು. ಅದೇ ದಿನ ಮಗುವಿಗೆ ಮೈ ಬಿಸಿಯಾಗಿ, ಗೌರಿ ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ನಾನು ಬುಟ್ಟಿಯ ಕೆಳಗೆ ಕೂತೆ. ಕೊಳೆತ ನೀರು ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಮಹಡಿಯಲ್ಲಿ ಸದ್ದೇ ಇಲ್ಲವೆಂದು ಟೀಚರಮ್ಮ ಮೇಲೆ ಬಂದರು. ಬುಟ್ಟಿ ಇಳಿಸಿ ಮೂಸಿದರು. "ಇದು ಗದ್ದೆ ಅಲ್ಲ ನಿಂಗಮ್ಮ. ನೇತಾಡೋ ಬೇರಿಗೆ ಉಸಿರು ಬೇಕು."

ಕೆಸರಿನಲ್ಲಿ ಕೈಯಾಡಿಸಿ ಬಳ್ಳಿಯ ಗಂಟನ್ನು ಹುಡುಕಿ ತೆಗೆದೆ. ಇಬ್ಬರೂ ಸೇರಿ ಬುಟ್ಟಿಯ ಒಳಮೈಗೆ ತೆಂಗಿನ ನಾರು ಹಾಸಿದೆವು. ಗದ್ದೆಮಣ್ಣು ಅರ್ಧ, ಉಳಿದದ್ದು ಅವರು ಕೊಟ್ಟ ಮರಳು, ಒಣಗಿದ ಗೊಬ್ಬರ. ಒತ್ತಲಿಲ್ಲ, ಸುಮ್ಮನೆ ಉದುರಿಸಿದೆವು. ಬಳ್ಳಿಯನ್ನು ಮತ್ತೆ ನಡುವೆ ಇಟ್ಟೆ. ಅವರ ಗಿಡದಿಂದಲೇ ಕಡ್ಡಿ ಮುರಿದು, ಒಂದು ನಡುವೆ, ನಾಲ್ಕು ಅಂಚಿಗೆ ಓರೆಯಾಗಿ ನೆಟ್ಟೆವು. ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ನೀರು ಹಾಕದೆ ಇರುವುದನ್ನು ಈ ವಯಸ್ಸಿನಲ್ಲಿ ಕಲಿತೆ.

ಮೂರನೇ ದಿನ ಗೌರಿ ಮಗುವಿನೊಡನೆ ಬಂದಳು. ಜ್ವರ ಇಳಿದಿತ್ತು. ಔಷಧಿ ಅಂದಳು ಅವಳು. ನಾನು ಬುಟ್ಟಿಯ ಮಣ್ಣಿಗೆ ಬೆರಳಿಟ್ಟು ನೋಡಿದೆ. ಇನ್ನೂ ಹತ್ತು ದಿನಕ್ಕೆ ನಡುವಿನ ಕಡ್ಡಿಯಲ್ಲಿ ಎರಡು ಚಿಗುರೆಲೆ, ಇಲಿಮರಿಯ ಕಿವಿಯಷ್ಟು. ಅಷ್ಟು ಹೊತ್ತಿಗೆ ಮಗು ಚಪ್ಪರಿಸಿ ಹಾಲು ಕುಡಿಯುತ್ತಿತ್ತು. ಟೀಚರಮ್ಮನ ಕೈ ಹಿಡಿದು ಬುಟ್ಟಿಯ ಬಳಿಗೆ ಕರೆತಂದೆ.

ಮೊನ್ನೆ ಸಿದ್ದ ಬಂದಿದ್ದ. ಬುಟ್ಟಿಯ ಗಿಡ ಈಗ ಅಂಚು ಮೀರಿ ಇಳಿಬಿದ್ದಿದೆ. ಒಂದು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ.

"ಇದ ಹಿತ್ಲಲ್ಲಿ ನೆಡು ಕಣ್ಲಾ."

"ನೆಟ್ರೆ ನಿನ್ ಮೊಮ್ಮಗಳು ನಮ್ಮೂರೋಳೇ ಆದ್ಲು ಬುಡಕ್ಕ," ಎಂದ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಲ್ಲಿ ತಿರುಗಿ ನಿಂತ. "ನೀನು ಯಾವಾಗ ಬತ್ತೀಯ ಊರಿಗೆ?"

ಆತಗೂರಿನ ಮನೆಯ ಬೀಗದ ಕೈ ಸೊಂಟದಲ್ಲೇ ಇದೆ. ಅದನ್ನು ಮುಟ್ಟಿ ನೋಡಿಕೊಳ್ಳುವಷ್ಟರಲ್ಲಿ ಒಳಗೆ ಮಗು ಅತ್ತಿತು. ಎದ್ದು ಹೋದೆ.